ಉತ್ತರ ದಿಕ್ಕಿಗೆ ಹೋದ ಹೊಗೆ

ಭೂಮಿಯ ಮೇಲೆ ಎಲ್ಲಕ್ಕಿಂತ ಶುದ್ಧವಾದ ಗಾಳಿ ಎಲ್ಲಿ ಸಿಕ್ಕೀತು ಎಂದು ತರಗತಿಯಲ್ಲಿ ಕೇಳಿದರೆ ಹೆಚ್ಚಿನ ಮಕ್ಕಳ ಬೆರಳು ಗೋಡೆಯ ಭೂಪಟದ ಮೇಲ್ತುದಿಗೆ ಹೋಗುತ್ತದೆ. ಉತ್ತರ ಧ್ರುವ! ಅಲ್ಲಿ ಲಾರಿಯಿಲ್ಲ, ಕಾರ್ಖಾನೆಯ ಹೊಗೆಕೊಳವೆಯಿಲ್ಲ. ಕಣ್ಣು ಹರಿಯುವಷ್ಟು ದೂರ ಮಂಜುಗಡ್ಡೆ, ಅದರಾಚೆಗೆ ಮತ್ತೂ ಮಂಜುಗಡ್ಡೆ. ನಮ್ಮ ಕವಿಗಳಿಗೂ ಶುಭ್ರತೆಗೊಂದು ಉಪಮಾನ ಬೇಕಾದಾಗ ಹಿಮಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಉಪಮಾಲಂಕಾರದ ಪಾಠದಲ್ಲಿ ‘ಹಿಮದಂತೆ ನಿರ್ಮಲ’ ಎಂದು ಹಲಗೆಯ ಮೇಲೆ ಬರೆದಾಗ ಇಷ್ಟರವರೆಗೆ ಯಾವ ವಿದ್ಯಾರ್ಥಿಯೂ ಎದ್ದುನಿಂತು ತಕರಾರು ಮಾಡಿದ್ದಿಲ್ಲ.

ತಕರಾರು ಮಾಡಲು ಕಾರಣವಂತೂ ಉಂಟು. ಪ್ರತಿ ವರ್ಷ ಚಳಿಗಾಲ ಕಳೆದು ವಸಂತ ಬರುವ ಹೊತ್ತಿಗೆ, ಎಂದರೆ ಮಾರ್ಚ್ ಎಪ್ರಿಲ್ ತಿಂಗಳುಗಳಲ್ಲಿ, ಧ್ರುವದ ಸುತ್ತಲಿನ ಆಕಾಶದಲ್ಲಿ ಕಂದು ಬಣ್ಣದ ಮಬ್ಬೊಂದು ತುಂಬಿಕೊಳ್ಳುತ್ತದೆ. ಅದು ಮಂಜಲ್ಲ, ಮೋಡವೂ ಅಲ್ಲ. ಸಾವಿರಾರು ಕಿಲೋಮೀಟರು ದೂರದ ಕುಲುಮೆಗಳ, ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ, ಎಣ್ಣೆಯ ಬಾಯ್ಲರುಗಳ ಹೊಗೆ ಅದು. ಅದನ್ನು ಅಲ್ಲಿಗೆ ಒಯ್ದು ಮುಟ್ಟಿಸುವುದು ಗಾಳಿ. ಅಲ್ಲಿಯೇ ತಿಂಗಳುಗಟ್ಟಲೆ ಕೂಡಿಹಾಕುವುದು ಚಳಿ. ಕನ್ನಡ ಪಾಠ ಹೇಳುವವರು ವಿಜ್ಞಾನದ ಹೊಲಕ್ಕೆ ಕಾಲಿಟ್ಟರೆಂದು ನಮ್ಮ ವಿಜ್ಞಾನದ ಮಾಷ್ಟ್ರು ಬೇಸರಿಸಬಾರದು. ಈ ಗಾಳಿಯ ದಾರಿ ಸುತ್ತಿ ಬಳಸಿ ಕಾಸರಗೋಡಿನ ನಮ್ಮದೇ ಗೇರುಗುಡ್ಡೆಗಳ ಕಥೆಯನ್ನೂ ಸೇರುತ್ತದೆ. ಆದುದರಿಂದ ಬರೆಯದೆ ಇರಲಾಗಲಿಲ್ಲ.

ಮಬ್ಬನ್ನು ಕಂಡು ಅದಕ್ಕೊಂದು ಹೆಸರಿಟ್ಟದ್ದು ವಿಮಾನಗಳ ಕಾಲದಲ್ಲಿ. 1950ರ ದಶಕದಲ್ಲಿ ಅಮೆರಿಕದ ವಾಯುಪಡೆಯ ಹವಾಮಾನ ವಿಮಾನಗಳು ಅಲಾಸ್ಕದಿಂದ ಹೊರಟು ಧ್ರುವದ ಕಡೆಗೆ ಹಾರಿ ಮರಳುತ್ತಿದ್ದವು. ನಿರಭ್ರವಾದ ಆಕಾಶದಲ್ಲಿಯೂ ಎದುರಿನ ದಾರಿ ಮಸುಕಾಗುವುದು, ಕೆಲವೊಮ್ಮೆ ಕೆಲವೇ ಕಿಲೋಮೀಟರುಗಳಾಚೆ ಏನೂ ಕಾಣದಿರುವುದು ಹಾರುವವರಿಗೆ ಅನುಭವಕ್ಕೆ ಬಂತು. ಮರ್ರೆ ಮಿಚೆಲ್ ಎಂಬ ಹವಾಮಾನ ತಜ್ಞ ಅವರ ವರದಿಗಳನ್ನು ಕೂಡಿಸಿ ಇದಕ್ಕೆ ‘ಆರ್ಕ್‌ಟಿಕ್ ಮಬ್ಬು’ ಎಂದು ಹೆಸರಿಟ್ಟು ಬರೆದ. ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. ನಿರ್ಜನವಾದ ಕಡೆ ಮಬ್ಬು ಕವಿದರೆ ಯಾರಿಗೆ ಏನು ನಷ್ಟ ಎಂದುಕೊಂಡರೋ ಏನೋ! ಅಲ್ಲಿ ಸಾವಿರಾರು ವರ್ಷಗಳಿಂದ ಜನ ಬಾಳಿಕೊಂಡು ಬಂದಿದ್ದಾರೆ ಎಂಬುದು ಎಷ್ಟೋ ಜನರ ನೆನಪಿಗೆ ಬರುವುದೇ ಇಲ್ಲ.

1970ರ ದಶಕದಲ್ಲಿ ವಿಷಯ ಪುನಃ ಮೇಲೆದ್ದಿತು. ಅಲಾಸ್ಕ ವಿಶ್ವವಿದ್ಯಾಲಯದ ಗ್ಲೆನ್ ಶಾ ಉತ್ತರ ತೀರದ ಬ್ಯಾರೋ ಎಂಬ ಊರಿನಲ್ಲಿ ಉಪಕರಣವಿಟ್ಟು ಸೂರ್ಯನ ಬೆಳಕನ್ನು ಅಳೆದಾಗ, ಅಷ್ಟು ಚೊಕ್ಕವಾದ ಜಾಗದಲ್ಲಿ ಬರಬೇಕಾದಷ್ಟು ಬೆಳಕು ಕೆಳಕ್ಕೆ ಬರುತ್ತಿರಲಿಲ್ಲ. (ಆ ಊರು 2016ರಿಂದ ಉಟ್ಕಿಯಾಗ್ವಿಕ್ ಎಂಬ ತನ್ನ ಹಳೆಯ ಇನುಪಿಯಾಟ್ ಹೆಸರಿಗೆ ಮರಳಿದೆ. ಊರ ಹೆಸರುಗಳ ವಿಷಯದಲ್ಲಿ ಗಡಿನಾಡಿನವರಾದ ನಮಗೆ ಒಂದಿಷ್ಟು ಆಸಕ್ತಿ ಹೆಚ್ಚೇ.) ರೋಡ್ ಐಲೆಂಡ್ ವಿಶ್ವವಿದ್ಯಾಲಯದ ಕೆನೆತ್ ರಾನ್ ಎಂಬ ರಸಾಯನ ಶಾಸ್ತ್ರಜ್ಞ ಶಾ ಅವರ ಜೊತೆ ಸೇರಿದರು. 1976ರ ವಸಂತದಲ್ಲಿ ಅವರು ವಿಮಾನದಿಂದ ಹಿಡಿದ ಮಬ್ಬು ಏಷ್ಯದ ಮರುಭೂಮಿಗಳಿಂದ, ಗೋಬಿಯ ಕಡೆಯಿಂದ, ಹಾರಿ ಬಂದ ಮಣ್ಣಿನ ಧೂಳಾಗಿತ್ತು. ಹಾಗಾದರೆ ಇದು ಪ್ರಕೃತಿಯದೇ ಕೆಲಸ, ಚಿಂತೆಯಿಲ್ಲ ಎಂದು ಅಲ್ಲಿಗೇ ಬಿಡಬಹುದಿತ್ತು. ಅವರು ಬಿಡಲಿಲ್ಲ. ಚಳಿಗಾಲದ ಗಾಳಿಯನ್ನು ಸೋಸಿ ನೋಡಿದಾಗ ಸೋಸುಕಾಗದದ ಮೇಲೆ ಬೇರೆಯೇ ಸಾಕ್ಷಿ ಕುಳಿತಿತ್ತು: ಗಂಧಕದಿಂದಾದ ಸಲ್ಫೇಟು, ಮಸಿ, ಜೊತೆಗೆ ವೆನೇಡಿಯಮ್ ಎಂಬ ಲೋಹ.

ಈ ವೆನೇಡಿಯಮ್ ಎಂಬುದು ಕಳ್ಳನ ಹೆಜ್ಜೆಗುರುತಿನಂತೆ. ದಪ್ಪನೆಯ ಕಚ್ಚಾ ಉರುವಲೆಣ್ಣೆಯನ್ನು ಬಾಯ್ಲರುಗಳಲ್ಲಿ ಸುಟ್ಟಾಗ ಅದು ಹೊಗೆಯೊಡನೆ ಹೊರಬೀಳುತ್ತದೆ. ಮರುಭೂಮಿಯ ಮಣ್ಣಿನಿಂದ ಅಷ್ಟು ಪ್ರಮಾಣದಲ್ಲಿ ಬರಲಾರದು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗ ಇಂಥ ಎಣ್ಣೆ ಉರಿಸುವುದು ಹೆಚ್ಚು. ಆದುದರಿಂದ ಅಲ್ಲಿನ ಹೊಗೆಯಲ್ಲಿ ವೆನೇಡಿಯಮ್ ಹೆಚ್ಚು, ಮ್ಯಾಂಗನೀಸ್ ಕಡಿಮೆ. ಯುರೋಪು ಮತ್ತು ಸೋವಿಯತ್ ದೇಶದ ಹೊಗೆಯಲ್ಲಿ ಮ್ಯಾಂಗನೀಸಿನ ಪಾಲು ಹೆಚ್ಚು. ಈ ಎರಡು ಲೋಹಗಳ ಅನುಪಾತವನ್ನು ನೋಡಿ ಹೊಗೆ ಯಾವ ಊರಿನದೆಂದು ಗುರುತಿಸಿದರು. ಮಾತಿನ ರಾಗ ಕೇಳಿ ಇವರು ಸುಳ್ಯದವರೋ ಮಂಜೇಶ್ವರದವರೋ ಎಂದು ನಾವು ಹೇಳುವುದಿಲ್ಲವೇ, ಹಾಗೆ. ಉತ್ತರ ಬಂದಿತು: ಧ್ರುವದ ಚಳಿಗಾಲದ ಮಬ್ಬಿನ ಬಹುಪಾಲು ಯುರೋಪು ಮತ್ತು ಉತ್ತರ ಏಷ್ಯದ್ದು.

ಇಷ್ಟು ದೂರ ಹೊಗೆ ಹೇಗೆ ಹೋಯಿತು, ಹೋದದ್ದು ಅಲ್ಲಿಯೇ ಏಕೆ ಉಳಿಯಿತು? ಇದನ್ನು ತಿಳಿಯಲು ನಮ್ಮಲ್ಲಿ ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಸಾಕು. ಗುಡ್ಡೆಯ ಮೇಲೆ ನಿಂತು ಕೆಳಗಿನ ಅಡಿಕೆ ತೋಟದ ಕಡೆ ನೋಡಿ. ಬಚ್ಚಲು ಕೊಟ್ಟಿಗೆಯ ಹಂಡೆಯ ಒಲೆಯಿಂದೆದ್ದ ಹೊಗೆ ಅಡಿಕೆ ಮರದ ತಲೆಯವರೆಗೆ ನೆಟ್ಟಗೆ ಏರುತ್ತದೆ. ಅಲ್ಲಿಂದ ಮೇಲೆ ಹೋಗಲಾರದೆ ಚಾಪೆ ಬಿಡಿಸಿದಂತೆ ಅಡ್ಡಕ್ಕೆ ಹಾಸಿಕೊಳ್ಳುತ್ತದೆ. ರಾತ್ರಿಯೆಲ್ಲ ನೆಲ ತಣಿದು, ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಕುಳಿತಿರುತ್ತದೆ. ತಣ್ಣನೆಯದು ಭಾರ, ಬೆಚ್ಚನೆಯದು ಹಗುರ. ಭಾರವಾದದ್ದು ಕೆಳಗೇ ಇದ್ದ ಮೇಲೆ ಕಲಕುವುದೇನು ಬಂತು? ಪಾತ್ರೆಗೆ ಮುಚ್ಚಳ ಹಾಕಿದಂತಾಯಿತು. ನಮ್ಮಲ್ಲಿ ಎಂಟು ಗಂಟೆಯ ಬಿಸಿಲು ಬಿದ್ದೊಡನೆ ಆ ಮುಚ್ಚಳ ಹಾರಿಹೋಗುತ್ತದೆ.

ಧ್ರುವದ ಬಳಿ ಎಂಟು ಗಂಟೆಯ ಬಿಸಿಲು ತಿಂಗಳುಗಟ್ಟಲೆ ಬರುವುದಿಲ್ಲ. ಕೆನಡದ ಉತ್ತರ ತುದಿಯ ಅಲರ್ಟ್ ಎಂಬ ನೆಲೆಯಲ್ಲಿ ಅಕ್ಟೋಬರ್ ಮಧ್ಯದಲ್ಲಿ ಮುಳುಗಿದ ಸೂರ್ಯ ಫೆಬ್ರವರಿ ಕೊನೆಗೆ ಮೂಡುತ್ತಾನೆ. ನಮ್ಮ ತೋಟದ ಒಂದು ಬೆಳಗಿನ ಮುಚ್ಚಳ ಅಲ್ಲಿ ನಾಲ್ಕೈದು ತಿಂಗಳು ಹಾಗೆಯೇ ಕುಳಿತಿರುತ್ತದೆ. ಮಳೆಯೆಂಬುದು ಆಕಾಶದ ಕಸಬರಿಕೆ. ಚಳಿಗಾಲದ ಧ್ರುವದಲ್ಲಿ ಮಳೆಯೂ ಇಲ್ಲ, ಬೀಳುವ ಹಿಮವೂ ಅತ್ಯಲ್ಪ. ಬೇರೆಡೆಯಲ್ಲಿ ಒಂದು ವಾರದೊಳಗೆ ತೊಳೆದುಹೋಗುವ ಹೊಗೆಯ ಕಣ ಅಲ್ಲಿ ವಾರಗಟ್ಟಲೆ ತೇಲಾಡಿಕೊಂಡಿರುತ್ತದೆ. ಹೊರಗಿನಿಂದ ದಿನವೂ ಬರುವುದು ಬರುತ್ತಲೇ ಇರುವಾಗ ಒಳಗಿನದು ಖಾಲಿಯಾಗದಿದ್ದರೆ ಜಮೆ ಏರುತ್ತಲೇ ಹೋಗುವುದು ಸಹಜವಷ್ಟೆ?

ಬರುವ ದಾರಿಯನ್ನು ತೆರೆದುಕೊಡುವುದು ಸೈಬೀರಿಯ. ಚಳಿಗಾಲದಲ್ಲಿ ಆ ವಿಶಾಲವಾದ ನೆಲದ ಮೇಲೆ ತಣ್ಣನೆಯ ಭಾರವಾದ ಗಾಳಿ ರಾಶಿಬಿದ್ದು ಒತ್ತಡ ಏರುತ್ತದೆ. ಅದರ ಪಶ್ಚಿಮದ ಅಂಚಿನಲ್ಲಿ, ಯುರೋಪಿನ ಕಡೆಯಿಂದ, ಗಾಳಿ ಉತ್ತರಕ್ಕೆ ತಿರುಗಿ ಧ್ರುವದ ಮೇಲೆ ಹರಿಯುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯವಾದುದು. ಧ್ರುವದ ಶೀತವಾಯುವಿಗೂ ದಕ್ಷಿಣದ ಬೆಚ್ಚನೆಯ ಗಾಳಿಗೂ ನಡುವೆ ಒಂದು ಗಡಿ ಉಂಟು. ಭೂಪಟದಲ್ಲಿ ಗೆರೆ ಎಳೆದು ಬರೆಯುವಂಥ ಗಡಿಯಲ್ಲ. ಬೇಸಗೆಯಲ್ಲಿ ಮೇಲಕ್ಕೆ ಸರಿದು ಚಳಿಗಾಲದಲ್ಲಿ ಕೆಳಗಿಳಿಯುತ್ತದೆ. ಜನವರಿಯಲ್ಲಿ ಯುರೋಪು ಏಷ್ಯಗಳ ಮೇಲೆ ಅದು 40 ಡಿಗ್ರಿ ಅಕ್ಷಾಂಶದ ತನಕವೂ ಇಳಿದು ಬರುವುದುಂಟು. ಆಗ ಎಷ್ಟೋ ಕಾರ್ಖಾನೆಯ ಊರುಗಳು ತಾವಿದ್ದಲ್ಲಿಯೇ ಇದ್ದುಕೊಂಡು ಧ್ರುವದ ಗಾಳಿಯ ಒಳಗೆ ಸೇರಿಬಿಡುತ್ತವೆ. ಅವುಗಳ ಹೊಗೆ ಯಾವ ಗಡಿಯನ್ನೂ ದಾಟಬೇಕಾಗಿಲ್ಲ. ಗಡಿಯೇ ಅವುಗಳನ್ನು ದಾಟಿ ಹೋಗಿರುತ್ತದೆ. 1956ರಲ್ಲಿ ಕುಳಿತಲ್ಲಿಂದ ಏಳದೆಯೇ ರಾಜ್ಯ ಬದಲಾದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವು ಊರುಗಳಂತೂ ಯಾವ ಕಾಲಕ್ಕೂ ಒಳಗೇ ಇರುವಂಥವು. ಸೈಬೀರಿಯದ ನೊರಿಲ್ಸ್ಕ್ ಇರುವುದು 69 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಿಕ್ಕಲ್ ಮತ್ತು ತಾಮ್ರದ ಅದಿರಿಗಾಗಿ 1935ರಿಂದ ಕೈದಿಗಳ ದುಡಿಮೆಯಲ್ಲಿ ಕಟ್ಟಿದ ಊರದು. ಗಂಧಕ ತುಂಬಿದ ಆ ಅದಿರನ್ನು ಕರಗಿಸಿದಾಗ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಗಂಧಕದ ಡೈಆಕ್ಸೈಡು ಹೊರಬೀಳುತ್ತಿತ್ತು. ಊರೊಳಗಿನ ಹಳೆಯ ನಿಕ್ಕಲ್ ಕಾರ್ಖಾನೆಯನ್ನು 2016ರಲ್ಲಿ ಮುಚ್ಚಿದರು.

ನಮ್ಮಂಥ ಬಿಸಿಲು ನಾಡಿನ ಹೊಗೆಯ ಕಥೆ ಸ್ವಲ್ಪ ಬೇರೆ. ಬೆಚ್ಚಗಿನ ಗಾಳಿ ಉತ್ತರಕ್ಕೆ ಹೋದಂತೆಲ್ಲ ಧ್ರುವದ ತಣ್ಣನೆಯ ಗಾಳಿಯ ಗುಮ್ಮಟವನ್ನು ಒಡೆದು ಒಳಹೋಗಲಾರದೆ ಅದರ ಬೆನ್ನ ಮೇಲೆ ಹತ್ತಿ ಸಾಗುತ್ತದೆ. ಹಾಗಾಗಿ ದಕ್ಷಿಣ ಏಷ್ಯದ ಮಸಿ ಅಲ್ಲಿ ನೆಲಕ್ಕಿಂತ ಹೆಚ್ಚಾಗಿ ಎತ್ತರದಲ್ಲಿ ಸಿಗುತ್ತದೆ. ನಾವು ಪೂರ್ತಿ ಪಾರಾದೆವೆಂದಲ್ಲ, ನಮ್ಮ ಪಾಲು ಅಟ್ಟದ ಮೇಲಿದೆ ಎಂದರ್ಥ.

ಮಸಿ ಹಿಮದ ಮೇಲೆ ಬಿದ್ದರೆ ಏನಾಗುತ್ತದೆಂಬುದು ಕಪ್ಪು ಕೊಡೆ ಹಿಡಿದು ಮಧ್ಯಾಹ್ನದ ಬಿಸಿಲಿನಲ್ಲಿ ನಡೆದವರಿಗೆ ಗೊತ್ತು. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರರಲ್ಲಿ 80 ಪಾಲಿಗಿಂತಲೂ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ. ಮಸಿ ಬೆರೆತಾಗ ಕಳಿಸುವುದು ಕಡಿಮೆ, ಹೀರುವುದು ಹೆಚ್ಚು, ಕರಗುವುದು ಬೇಗ. ಮಬ್ಬು ಅತಿ ದಟ್ಟವಾಗುವ ಮಾರ್ಚ್ ಎಪ್ರಿಲಿನಲ್ಲಿಯೇ ಅಲ್ಲಿ ಸೂರ್ಯ ಮರಳಿ ಬರುವುದು, ಇದೊಂದು ದುರ್ದೈವ. 1870ರಲ್ಲಿಯೇ ನೋರ್ಡೆನ್‌ಶೋಲ್ಡ್ ಎಂಬ ಸ್ವೀಡನ್ನಿನ ಅನ್ವೇಷಕ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯ ಮೇಲೆ ಕಪ್ಪು ಪುಡಿಯನ್ನು ಕಂಡು ಅದಕ್ಕೆ ‘ಹಿಮದ ಧೂಳು’ ಎಂಬರ್ಥದ ಗ್ರೀಕ್ ಹೆಸರಿಟ್ಟಿದ್ದ. ಜೂನ್ ಹೊತ್ತಿಗೆ ಮೋಡ, ಜಿನುಗುಮಳೆ ಬಂದು ಮಬ್ಬು ತೊಳೆದುಹೋಗುತ್ತದೆ. ಚಳಿಗಾಲಕ್ಕೂ ಬೇಸಗೆಗೂ ಅಲ್ಲಿನ ಗಾಳಿಯ ಸಲ್ಫೇಟಿನಲ್ಲಿ ಹತ್ತಾರು ಪಟ್ಟು ವ್ಯತ್ಯಾಸ.

ಇಷ್ಟು ಕೇಳಿ ಕೈಚೆಲ್ಲಿ ಕೂರಬೇಕಾಗಿಲ್ಲ. ಗಾಳಿಯ ಮೂಲಕ ದೇಶ ದೇಶಗಳ ನಡುವೆ ಸಾಗುವ ಮಾಲಿನ್ಯದ ಕುರಿತು 1979ರಲ್ಲಿ ಜಿನೀವಾದಲ್ಲಿ ಒಪ್ಪಂದವಾಯಿತು. ಶೀತಲ ಸಮರದ ನಡುವೆಯೂ ಎರಡೂ ಪಕ್ಷದವರು ಸಹಿ ಹಾಕಿದರು. 1985ರಲ್ಲಿ ಗಂಧಕದ ಹೊಗೆಯನ್ನು ನೂರಕ್ಕೆ 30ರಷ್ಟು ಇಳಿಸುವ ಕರಾರಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಕಾರ್ಖಾನೆಗಳೂ ಮುಚ್ಚಿದವು. ಅಲರ್ಟಿನಲ್ಲಿ 1980ರಿಂದ ವಾರ ವಾರವೂ ತೆಗೆದ ಸೋಸುಕಾಗದಗಳನ್ನು ಸಾಲಾಗಿ ಇಟ್ಟು ನೋಡಿದರೆ ಚಳಿಗಾಲದ ಸಲ್ಫೇಟು ಬಹುವಾಗಿ ಇಳಿದುಬಂದಿರುವುದು ಕಾಣುತ್ತದೆ. ಹೊಗೆ ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗಿ ಕೊಳವೆಯ ಬಾಯಿಯನ್ನು ಹಿಡಿಯಬಹುದು ಎಂಬುದಕ್ಕೆ ಇಷ್ಟು ಆಧಾರ ಸಾಲದೇ?

ಆದರೆ ಗಾಳಿಯ ಬಂಡಿಯಲ್ಲಿ ಇನ್ನೊಂದು ಬಗೆಯ ಪ್ರಯಾಣಿಕರುಂಟು. ಇವರನ್ನು ಕಣ್ಣಿನಿಂದ ನೋಡಲಾಗದು, ಮಬ್ಬಾಗಿಯೂ ಕಾಣಿಸಿಕೊಳ್ಳರು. ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟ ನುಸಿಗುಳಿಗೆ ನೋಡುತ್ತಿದ್ದಂತೆಯೇ ಸಣ್ಣದಾಗಿ ಒಂದು ದಿನ ಮಾಯವಾಗುವುದಲ್ಲ? ನೀರಾಗದೆಯೇ ಅದು ಗಾಳಿಯಲ್ಲಿ ಸೇರಿಹೋಯಿತು. ಕೆಲವು ಕೀಟನಾಶಕಗಳು, ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ ಬಳಸುತ್ತಿದ್ದ ಪಿ.ಸಿ.ಬಿ. ಎಂಬ ರಾಸಾಯನಿಕ, ಇವೂ ಹಾಗೆಯೇ ನಿಧಾನವಾಗಿ ಆವಿಯಾಗುವಂಥವು. ಬಿಸಿಲಿರುವಲ್ಲಿ ಆವಿಯಾಗಿ ಏಳುತ್ತವೆ, ಗಾಳಿಯೊಡನೆ ಹೋಗುತ್ತವೆ, ತಂಪು ಸಿಕ್ಕಿದಲ್ಲಿ ಇಳಿಯುತ್ತವೆ. ಮುಂದಿನ ಬೇಸಗೆಗೆ ಪುನಃ ಏಳುತ್ತವೆ. ಮಿಡತೆಯ ಹಾರಾಟದ ಹಾಗೆ. ಕೊನೆಗೆ ಮರಳಿ ಏಳಲಾಗದಷ್ಟು ಚಳಿ ಇರುವಲ್ಲಿ ಇಳಿದದ್ದು ಅಲ್ಲಿಯೇ ಉಳಿಯುತ್ತದೆ. ಬೇಗನೆ ಕೊಳೆಯುವ ವಸ್ತುವಾಗಿದ್ದರೆ ದಾರಿಯಲ್ಲಿಯೇ ಮುಗಿದುಹೋಗುತ್ತಿತ್ತು, ಇವು ಕೊಳೆಯುವುದಿಲ್ಲ.

ಇವು ನೀರಿನಲ್ಲಿ ಕರಗುವುದು ಕಡಿಮೆ, ಕೊಬ್ಬಿನಲ್ಲಿ ಕರಗುವುದು ಹೆಚ್ಚು. ಧ್ರುವ ಪ್ರದೇಶದಲ್ಲಿ ಬದುಕುವುದೆಂದರೆ ಕೊಬ್ಬನ್ನು ಕೂಡಿಡುವುದು ಎಂದರ್ಥ. ಕಡಲಿನ ಸೂಕ್ಷ್ಮ ಜೀವಿಗಳನ್ನು ಮೀನು ತಿನ್ನುತ್ತದೆ, ಮೀನನ್ನು ಸೀಲ್, ಸೀಲನ್ನು ಹಿಮಕರಡಿ. ಒಂದೊಂದು ಮೆಟ್ಟಿಲೇರುವಾಗಲೂ ವಿಷದ ಸಾಂದ್ರತೆ ಏರುತ್ತದೆ. ಸೀಲನ್ನೂ ತಿಮಿಂಗಿಲವನ್ನೂ ಬೇಟೆಯಾಡಿ ಬಾಳುವ ಇನುಯಿಟ್ ಜನ ಮೇಲಿನ ಮೆಟ್ಟಿಲಿನಲ್ಲಿದ್ದಾರೆ. ಅವರ ಕೂಸುಗಳು ಇನ್ನೂ ಒಂದು ಮೆಟ್ಟಿಲು ಮೇಲೆ.

ಅದು ಗೊತ್ತಾದ ಬಗೆಯನ್ನು ವಿದ್ಯಾರ್ಥಿಗಳು ಅವಶ್ಯ ತಿಳಿಯಬೇಕು. 1980ರ ದಶಕದಲ್ಲಿ ಎರಿಕ್ ದೆವಾಯಿ ಎಂಬ ವೈದ್ಯರು ಕೆನಡದ ಕ್ವಿಬೆಕ್ ಪ್ರಾಂತದ ದಕ್ಷಿಣ ಭಾಗದಲ್ಲಿ, ಕಾರ್ಖಾನೆಗಳ ನಾಡಿನಲ್ಲಿ, ತಾಯಂದಿರ ಎದೆಹಾಲಿನಲ್ಲಿ ಎಷ್ಟು ಪಿ.ಸಿ.ಬಿ. ಇದೆಯೆಂದು ಪರೀಕ್ಷಿಸುತ್ತಿದ್ದರು. ಇಷ್ಟಿದೆ ಎಂದರೆ ಸಾಲದು, ಯಾವುದಕ್ಕಿಂತ ಹೆಚ್ಚು ಎಂದು ಹೇಳಲು ಹೋಲಿಕೆಗೆ ಒಂದು ನಿರ್ಮಲವಾದ ಮಾದರಿ ಬೇಕು. ಉಪಮೇಯ ಕೈಯಲ್ಲಿತ್ತು, ಉಪಮಾನ ಬೇಕಾಗಿತ್ತು. ಅದಕ್ಕಾಗಿ ಅದೇ ಪ್ರಾಂತದ ಉತ್ತರ ತುದಿಯ ನುನಾವಿಕ್ ಎಂಬಲ್ಲಿನ ಇನುಯಿಟ್ ತಾಯಂದಿರ ಹಾಲನ್ನು ತರಿಸಿದರು. ಹಿಮದ ನಾಡಲ್ಲವೇ, ಶುದ್ಧವಾಗಿರಲೇಬೇಕು. ಪರೀಕ್ಷೆಯಲ್ಲಿ ಕಂಡದ್ದೇ ಬೇರೆ: ನುನಾವಿಕ್ ತಾಯಂದಿರ ಹಾಲಿನಲ್ಲಿ ದಕ್ಷಿಣದವರಿಗಿಂತ ಸುಮಾರು 5 ಪಟ್ಟು ಹೆಚ್ಚು ಪಿ.ಸಿ.ಬಿ. ಇತ್ತು. 1989ರಲ್ಲಿ ಅದು ಪ್ರಕಟವಾಯಿತು.

ಸುದ್ದಿ ಮುಟ್ಟಿದಾಗ ಆ ತಾಯಂದಿರಿಗೆ ಹೇಗಾಗಿರಬೇಡ! ಅವರ ಊರಿನಲ್ಲಿ ಆ ಎಣ್ಣೆಯನ್ನು ತಯಾರಿಸಿದವರಿಲ್ಲ. ಬೇಟೆಯ ಆಹಾರವನ್ನು ಬಿಟ್ಟು ಅಂಗಡಿಯ ಡಬ್ಬಿಯ ಆಹಾರ ತಿನ್ನೋಣವೆಂದರೆ ಅದು ದುಬಾರಿ, ಆರೋಗ್ಯಕ್ಕೂ ಕಡಮೆ. ಹಾಲೂಡುವುದನ್ನು ನಿಲ್ಲಿಸಬೇಡಿ, ತಾಯಿಹಾಲಿನ ಗುಣ ಅದರಲ್ಲಿನ ದೋಷಕ್ಕಿಂತ ಹೆಚ್ಚಿನದು ಎಂದು ವೈದ್ಯರು ಸಲಹೆಯಿತ್ತರು. ಸರಿಯಾದ ಸಲಹೆಯೇ. ಆದರೂ ಕೂಸನ್ನು ಎತ್ತಿಕೊಳ್ಳುವಾಗ ಹೀಗೆ ತಕ್ಕಡಿಯಲ್ಲಿ ತೂಗಬೇಕಾಗಿ ಬಂದದ್ದು ಯಾವ ನ್ಯಾಯ?

ನುನಾವಿಕ್‌ನಲ್ಲಿಯೇ ಹುಟ್ಟಿ ಬೆಳೆದ ಶೀಲಾ ವಾಟ್-ಕ್ಲೂತಿಯೆ ಎಂಬ ಇನುಯಿಟ್ ನಾಯಕಿ ಈ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಬಾಗಿಲಿಗೆ ಒಯ್ದರು. ಇಂಥ ವಿಷಗಳನ್ನು ನಿಷೇಧಿಸುವ ಒಪ್ಪಂದದ ಮಾತುಕತೆ 1999ರಲ್ಲಿ ನೈರೋಬಿಯಲ್ಲಿ ನಡೆಯುತ್ತಿದ್ದಾಗ, ತಾಯಿ ಮತ್ತು ಮಗುವನ್ನು ಕಡೆದ ಒಂದು ಇನುಯಿಟ್ ಶಿಲ್ಪವನ್ನು ವಿಶ್ವಸಂಸ್ಥೆಯ ಪರಿಸರ ವಿಭಾಗದ ಮುಖ್ಯಸ್ಥರ ಕೈಗಿತ್ತರು. ಮುಂದಿನ ಮಾತುಕತೆಗಳಲ್ಲಿ ಆ ಶಿಲ್ಪ ಅಧ್ಯಕ್ಷರ ಮೇಜಿನ ಮೇಲಿತ್ತು. ದೇಶ ದೇಶಗಳ ಅಧಿಕಾರಿಗಳು ಅರ್ಧವಿರಾಮ ಪೂರ್ಣವಿರಾಮಗಳಿಗಾಗಿ ವಾದಿಸುವಾಗ ಆ ತಾಯಿ ಎದುರಿಗೆ ಕುಳಿತಿದ್ದಳು. 2001ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮಿನಲ್ಲಿ ಒಪ್ಪಂದವಾಯಿತು, 2004ರಲ್ಲಿ ಜಾರಿಗೆ ಬಂದಿತು. ಮೊದಲ ಪಟ್ಟಿಯಲ್ಲಿ 12 ವಿಷಗಳು. ಎಂಡೋಸಲ್ಫಾನ್ ಅದರಲ್ಲಿ ಇರಲಿಲ್ಲ.

ಈ ಹೆಸರು ಕೇಳಿದೊಡನೆ ನಮ್ಮ ಓದುಗರಾದ ತಂದೆತಾಯಿಯರಿಗೆ ಬೇರೆ ವಿವರಣೆ ಬೇಡ. ಮಕ್ಕಳಿಗಾಗಿ ಬರೆಯುತ್ತೇವೆ. ನಾವು ಪ್ರಾಥಮಿಕ ಶಾಲೆಯಲ್ಲಿದ್ದ ಕಾಲದಲ್ಲಿ, 1980ರ ದಶಕದ ಕೊನೆಗೆ, ಗೇರು ಹೂ ಬಿಡುವ ಸಮಯದಲ್ಲಿ ಹೆಲಿಕಾಪ್ಟರ್ ಬರುತ್ತಿತ್ತು. ಸಾವಿರಾರು ಹೆಕ್ಟೇರು ಗೇರು ಮರಗಳ ಮೇಲೆ ಸೊಳ್ಳೆಯಂಥ ಒಂದು ಕೀಟವನ್ನು ಕೊಲ್ಲಲು ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಬಾವಿ ಮುಚ್ಚಿ, ದನಗಳನ್ನು ಹಟ್ಟಿಯಿಂದ ಬಿಡಬೇಡಿ ಎಂದು ಮುಂಚಿತವಾಗಿ ಹೇಳಿಕಳುಹಿಸುತ್ತಿದ್ದರು. ಮನೆಯವರು ಬಾವಿಯ ಮೇಲೆ ತೆಂಗಿನ ಮಡಲು ಹಾಸುತ್ತಿದ್ದರು. ಮಡಲಿನ ಸಂದಿಯಲ್ಲಿ ಬಿಸಿಲು ಕೋಲು ಇಳಿಯುವಂತೆ ಮದ್ದೂ ಇಳಿದಿರಬೇಕು. ಬಾವಿಯನ್ನಾದರೂ ಮುಚ್ಚಬಹುದು; ನಮ್ಮ ಕಡೆಯ ಸುರಂಗದ ನೀರು ಗುಡ್ಡೆಯ ಮೇಲಿನ ಮಣ್ಣಿನಿಂದಲೇ ಒಸರಿ ಬರುವಂಥದ್ದು, ಅದನ್ನು ಯಾವ ಮಡಲಿನಿಂದ ಮುಚ್ಚುವುದು? ಮಕ್ಕಳಾದ ನಮಗೆ ಹೆಲಿಕಾಪ್ಟರ್ ಎಂದರೆ ಅಯನದ ಜಾತ್ರೆಯಷ್ಟೇ ಸಂಭ್ರಮ. ಅಂಗಳಕ್ಕೆ ಓಡಿಬಂದು ತಲೆಯೆತ್ತಿ ನೋಡುತ್ತಿದ್ದೆವು.

‘ಮದ್ದು’ ಎಂದೆವಲ್ಲ, ಆಗ ಎಲ್ಲರೂ ಹಾಗೆಯೇ ಹೇಳುತ್ತಿದ್ದುದು. ಇಂದು ಮದ್ದು ಬಿಡುತ್ತಾರೆ ಎಂದು ಕನ್ನಡದಲ್ಲಿ. ಮರುನ್ನು ಅಡಿಕ್ಕುನ್ನು ಎಂದು ಮಲೆಯಾಳದಲ್ಲಿ. ಎರಡೂ ಭಾಷೆಗಳಲ್ಲಿ ಓದಿದ ನಮಗೆ ಇದು ಆಮೇಲೆ ಬಹಳ ಕಾಲ ಯೋಚನೆಗೆ ಹಚ್ಚಿತು. ಜ್ವರಕ್ಕೆ ಅಜ್ಜಿ ಅರೆದು ಕೊಡುವುದೂ ಮದ್ದು, ಆಕಾಶದಿಂದ ಬಿದ್ದದ್ದೂ ಮದ್ದು. ವಿಷ ಎಂಬ ಶಬ್ದ ಯಾರ ಬಾಯಿಗೂ ಬರಲಿಲ್ಲ. ಬರಲು ಇಪ್ಪತ್ತು ವರ್ಷ ಹಿಡಿಯಿತು.

ಈ ಸಂಗತಿಯನ್ನು ಒಮ್ಮೆ ತರಗತಿಯಲ್ಲಿ ಹೇಳಿದಾಗ ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ ಕೇಳಿದಳು: “ನಮಗಾದರೆ ಬಾವಿ ಮುಚ್ಚಲಿಕ್ಕೆ ಹೇಳಿದರು ಮಾಷ್ಟ್ರೇ, ಆ ಹಿಮದ ಊರಿನವರಿಗೆ ಯಾರು ಹೇಳಿದರು? ಅವರು ಏನನ್ನು ಮುಚ್ಚಬೇಕಿತ್ತು?” ಕರಿಹಲಗೆಯ ಕಡೆ ತಿರುಗಿ ದಿನಾಂಕ ಬರೆದಿದ್ದುದನ್ನು ಪುನಃ ಬರೆದೆವು.

ಸಿಂಪಡಣೆ 2000ದಲ್ಲಿ ನಿಂತಿತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಗೇರುಗುಡ್ಡೆಯ ಬುಡದ ಒಂದು ಹಳ್ಳಿಯ 117 ಗಂಡುಮಕ್ಕಳನ್ನು ಪರೀಕ್ಷಿಸಿದರು. ಹೋಲಿಕೆಗೆ ಸಿಂಪಡಣೆಯಿಲ್ಲದ ಇನ್ನೊಂದು ಹಳ್ಳಿಯ 90 ಮಕ್ಕಳನ್ನು ತೆಗೆದುಕೊಂಡರು. ಗುಡ್ಡೆಯ ಬುಡದ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರಾಯಕ್ಕೆ ಬರುವ ಬೆಳವಣಿಗೆ ತಡವಾಗಿತ್ತು ಎಂದು 2003ರಲ್ಲಿ ಪ್ರಕಟಿಸಿದರು. ಆ ಮಕ್ಕಳು ನಮ್ಮ ನಿಮ್ಮ ಮನೆಯವರು. ನಮ್ಮ ಶಾಲೆಯಂಥದೇ ಶಾಲೆಯ ಬೆಂಚಿನಿಂದ ಎದ್ದುಹೋಗಿ ತೋಳು ಚಾಚಿದವರು. ಆದರೂ ವಾದ ಮುಗಿಯಲಿಲ್ಲ. ಇದು ಒಂದು ತಾಲೂಕಿನ ಸಮಸ್ಯೆ, ಸಿಂಪಡಿಸಿದ ರೀತಿಯಲ್ಲಿ ತಪ್ಪಿದ್ದೀತು, ವಸ್ತುವಿನಲ್ಲಿ ತಪ್ಪಿಲ್ಲ ಎಂದು ಹೇಳುವವರಿದ್ದರು.

ಅಲ್ಲಿಗೆ ಉತ್ತರ ದಿಕ್ಕಿನ ಸಾಕ್ಷಿ ಬಂದಿತು. ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಒಂದು ವಸ್ತುವನ್ನು ಸೇರಿಸಬೇಕಾದರೆ ನಾಲ್ಕು ವಿಷಯಗಳನ್ನು ನೋಡುತ್ತಾರೆ: ಬೇಗನೆ ಕೊಳೆಯದೆ ಉಳಿಯುತ್ತದೆಯೇ, ಜೀವಿಗಳ ಮೈಯಲ್ಲಿ ಕೂಡಿಕೊಳ್ಳುತ್ತದೆಯೇ, ಹಾನಿ ಮಾಡುತ್ತದೆಯೇ, ಬಳಸಿದ ಜಾಗದಿಂದ ಬಹುದೂರ ಸಾಗುತ್ತದೆಯೇ. ನಮ್ಮ ಊರಿನ ತಾಯಂದಿರು ಹಾನಿಯ ವಿಷಯವನ್ನು ಹೇಳಬಲ್ಲವರಾಗಿದ್ದರು. ದೂರ ಸಾಗುವ ವಿಷಯವನ್ನು ಇಲ್ಲಿದ್ದುಕೊಂಡು ಹೇಳುವುದು ಹೇಗೆ? ಅದನ್ನು ಹೇಳಿದ್ದು ಧ್ರುವ ಪ್ರದೇಶ. ಅಲರ್ಟಿನ ಗಾಳಿಯಲ್ಲಿ ಎಂಡೋಸಲ್ಫಾನ್ ಇತ್ತು. ಎಷ್ಟೋ ದೇಶಗಳ ಹತ್ತಿ, ಚಹಾ, ತರಕಾರಿ ಬೆಳೆಗಳಿಗೆ ಬಳಸಿದ ವಸ್ತು ಅದು; ಅಲ್ಲಿ ಸಿಕ್ಕಿದ ಅಣು ಇಂಥ ಗುಡ್ಡೆಯದೇ ಎನ್ನುವಂತಿಲ್ಲ, ಎನ್ನಬೇಕಾಗಿಯೂ ಇಲ್ಲ. ಯಾವ ರೈತನೂ ಬೆಳೆ ಬೆಳೆಯದ 82 ಡಿಗ್ರಿ ಅಕ್ಷಾಂಶದಲ್ಲಿ ಕೀಟನಾಶಕ ಸಿಕ್ಕಿದ ಮೇಲೆ ಅದು ಒಂದು ತಾಲೂಕಿನ ಸಮಸ್ಯೆಯಾಗಿ ಉಳಿಯಲು ಸಾಧ್ಯವಿರಲಿಲ್ಲ.

2011ರ ಎಪ್ರಿಲ್ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ಸಭೆ ಎಂಡೋಸಲ್ಫಾನನ್ನು ಪಟ್ಟಿಗೆ ಸೇರಿಸಿತು. ಮೊದಲು ವಿರೋಧಿಸುತ್ತಿದ್ದ ನಮ್ಮ ದೇಶ ಕೆಲವು ಬೆಳೆಗಳ ವಿನಾಯಿತಿಯೊಡನೆ ಒಪ್ಪಿತು. ಅದೇ ವರ್ಷ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಗಳಿಗೆ ತಡೆಯಾಜ್ಞೆ ನೀಡಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಆದೇಶಿಸಿತು. ಆ ಹಣಕ್ಕಾಗಿ ಎಷ್ಟು ತಾಯಂದಿರು ಎಷ್ಟು ಸಲ ಕಚೇರಿಯ ಮೆಟ್ಟಿಲು ಹತ್ತಿದರೆಂಬುದನ್ನು ಈ ಸಂಚಿಕೆಯ ಓದುಗರಲ್ಲಿ ಕೆಲವರು ನಮಗಿಂತ ಚೆನ್ನಾಗಿ ಬಲ್ಲರು.

ಹನ್ನೆರಡರಿಂದ ಆರಂಭವಾದ ಪಟ್ಟಿಯಲ್ಲಿ ಈಗ 30ಕ್ಕೂ ಹೆಚ್ಚು ಹೆಸರುಗಳಿವೆ. ಕಲೆ ಹಿಡಿಯದ ಬಟ್ಟೆಗೆ, ಬೆಂಕಿಯಾರಿಸುವ ನೊರೆಗೆ ಬಳಸುತ್ತಿದ್ದ ಪಿ.ಎಫ್.ಒ.ಎಸ್. ಎಂಬುದು 2009ರಲ್ಲಿ ಸೇರಿತು. ಅದು ಅದಕ್ಕೂ ಎಂಟು ವರ್ಷ ಮೊದಲೇ, 2001ರಲ್ಲಿ, ಹಿಮಕರಡಿಗಳ ಮೈಯಲ್ಲಿ ಸಿಕ್ಕಿತ್ತು.